ಆ ಸೀರಿ ನಂದ್ರಿ

ಹೆಣ ಸಿಕ್ಕ ದಿನ ಬಸವಂತರಾಯ ಗೌಡ ಕೇಳಿದ ಮೊದಲ ಮಾತು, "ಆಕಿ ಯಾವ ಜಾತ್ಯಾಕಿ?" ಎಂದು. ಯಾರು ಕೊಂದರು ಅಂತ ಕೇಳಲಿಲ್ಲ. ಎಲ್ಲಿಯವಳು ಅಂತಲೂ ಕೇಳಲಿಲ್ಲ. ಅವನ ಕಬ್ಬಿನ ಹೊಲದಲ್ಲಿ, ಅವನ ಪಂಪಿನ ಕೋಣೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಒಬ್ಬ ಹೆಂಗಸು ಮೈಮೇಲೆ ಒಂದೆಳೆ ಬಟ್ಟೆ ಇಲ್ಲದೆ ಸತ್ತು ಬಿದ್ದಿದ್ದಳು. ಅವನಿಗೆ ಬೇಕಾಗಿದ್ದು ಜಾತಿ. ಎಲ್ಲಿ ಹೂಳಬೇಕು ಅನ್ನೋದು ಅವನ ಚಿಂತೆ. ಯಾರು ಎತ್ತಬೇಕು ಅನ್ನೋದು ಚಿಂತೆಯೇ ಅಲ್ಲ. ಸತ್ತ ದನದಿಂದ ಹಿಡಿದು ಬೇವಾರಸಿ ಹೆಣದವರೆಗೆ ಆ ಊರಿನಲ್ಲಿ ಎತ್ತಿದವರು ನಾವೇ, ಹೊಲಗೇರಿಯವರು.

ಎಂಬತ್ತೊಂಬತ್ತರ ಚಳಿಗಾಲ ಅದು. ಭೂಸನೂರಿನ ಕಾರ್ಖಾನೆಗೆ ಕಬ್ಬು ಸಾಗುವ ಕಾಲ. ಗೌಡನ ಹೊಲದಲ್ಲಿ ಹೊರಗಿನಿಂದ ಬಂದ ಗ್ಯಾಂಗಿನವರು ಜೋಪಡಿ ಹಾಕಿಕೊಂಡು ಕಬ್ಬು ಕಡಿಯುತ್ತಿದ್ದರು. ನನ್ನ ಗಂಡನ ಅಣ್ಣ ಗುರಣ್ಣ ಗೌಡನ ಹೊಲಕ್ಕೆ ನೀರು ಹಾಯಿಸುತ್ತಿದ್ದ. ಅವತ್ತು ಬೆಳಿಗ್ಗೆ ಹೋದರೆ ಜೋಪಡಿಗಳಿಲ್ಲ. ಗ್ಯಾಂಗೂ ಇಲ್ಲ. ಅರ್ಧ ಕಬ್ಬು ಹಾಗೇ ನಿಂತಿತ್ತು. ಕಾಲುವೆಯ ಬದುವಿನ ಮೇಲೆ ಒಣಗಿದ ಗರಿ ರಾಶಿ ಹಾಕಿದ್ದರು. ನಾಯಿಗಳು ಅದನ್ನು ಕೆದರುತ್ತಿದ್ದವು.

ಹೆಣ ಕಂಡವನು ಗೌಡನಿಗೆ ಹೇಳಬೇಕು, ಗೌಡ ಠಾಣೆಗೆ ಹೇಳಬೇಕು. ಅದು ಊರಿನ ರೂಢಿ. ಗುರಣ್ಣ ಓಡಿ ಬಂದದ್ದು ಮನೆಗೆ.

"ಏ ನಿಂಬೀ, ಒಂದ್ ಅರಿವಿ ತಗೊಂಡು ಲಗೂನ ಬಾ. ಹೆಣ್ಮಗಳೊಬ್ಬಾಕಿ ಬಿದ್ದಾಳ. ಮೈಮ್ಯಾಲ ಏನೂ ಇಲ್ಲ."

"ಜೀವ ಐತೇನು?"

"ಎಲ್ಲಿ ಜೀವ ಬೇ. ಮಾರೀನ ಇಲ್ಲ ಆಕಿಗಿ."

ನಿಂಬೆವ್ವ ಅವನ ಹೆಂಡತಿ. ನನಗೆ ನೆಗೆಣ್ಣಿ. ನಾನು ಅಕ್ಕಾ ಅಂತಲೇ ಕರೆಯುತ್ತಿದ್ದೆ. ಅವಳು ಟ್ರಂಕು ತೆಗೆದಳು. ಅವಳ ಹತ್ತಿರ ಹರಿಯದ ಸೀರೆ ಅಂತ ಇದ್ದದ್ದು ಒಂದೇ. ಪಂಚಮಿಗೆ ತವರಿನವರು ಉಡಿಸಿದ ಹಸಿರು ಸೀರೆ. ಅದನ್ನೇ ಬಗಲಲ್ಲಿ ಇಟ್ಟುಕೊಂಡು ನಡೆದಳು. ನಾನು ಕೊಡ, ಕುಂಕುಮದ ಭರಣಿ, ಹಿಡಿ ಜೋಳ ತೆಗೆದುಕೊಂಡು ಹಿಂದೆ ಹೋದೆ.

ನಮ್ಮ ಕೇರಿಯಲ್ಲಿ ಒಂದು ಕಟ್ಟಳೆ ಇದೆ. ಸತ್ತ ಹೆಂಗಸಿನ ಬೆತ್ತಲೆ ಮೈಯನ್ನು ಗಂಡಸರು ನೋಡಬಾರದು. ಹೆಂಗಸರು ಮೊದಲು ಹೋಗಿ ಮೈ ತೊಳೆದು, ಸೀರೆ ಉಡಿಸಿ, ಬಳೆ ಏರಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಜೋಳ ಹಾಕಿ ಉಡಿ ತುಂಬಬೇಕು. ಆಮೇಲೆ ಗಂಡಸರು ಮುಟ್ಟಬೇಕು. ಬರಿ ಉಡಿಯಲ್ಲಿ ಹೆಣ್ಣನ್ನು ಕಳಿಸಬಾರದು. ಊರಿನವರ ಬೇವಾರಸಿ ಹೆಣಗಳಿಗೂ ನಾವು ಇದನ್ನೇ ಮಾಡುತ್ತಿದ್ದೆವು. ಮಾಡಿರಿ ಅಂತ ಯಾರೂ ಹೇಳುತ್ತಿರಲಿಲ್ಲ.

ಗರಿ ಸರಿಸಿ ನೋಡಿದೆ. ಮುಖದ ಮೇಲೆ ಕಲ್ಲು ಎತ್ತಿ ಹಾಕಿದ್ದರು. ಒಂದು ಕಿವಿ ಮಾತ್ರ ಉಳಿದಿತ್ತು. ತೊಡೆಯ ಮೇಲೆ ಹಲ್ಲಿನ ಗುರುತು. ಅಂಗೈಯಲ್ಲಿ ಕೊಯಿತದ ಹಿಡಿ ಹಿಡಿದು ಎದ್ದ ಗಂಟು, ಕಬ್ಬು ಕಡಿಯುವವರಿಗೆ ಆಗುತ್ತಲ್ಲ, ಅದು. ದುಡಿಯುವ ಕೈ. ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು. ನನ್ನ ವಾರಿಗೆಯವಳು.

ನಾನು ನೀರು ಹೊಯ್ದೆ. ನಿಂಬೆವ್ವ ತೊಳೆದಳು. ರಕ್ತ ಗಟ್ಟಿಯಾಗಿತ್ತು, ಕಾಲುವೆ ನೀರು ತಣ್ಣಗಿತ್ತು, ಬೇಗ ಬಿಡಲಿಲ್ಲ. ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಅವಳು ಕಡ್ಡಿಯಿಂದ ತೆಗೆದಳು. ಯಾರನ್ನೋ ಪರಚಿದ್ದಳು ಆ ಹೆಂಗಸು. ಆ ಚರ್ಮ, ಆ ರಕ್ತ ಎಲ್ಲ ಕಾಲುವೆಗೆ ಹೋಯಿತು. ಅದೆಲ್ಲ ಪೊಲೀಸರಿಗೆ ಬೇಕಾಗುತ್ತದೆ ಅಂತ ನಮಗೆ ಯಾರು ಹೇಳಿದ್ದರು? ಪೊಲೀಸರು ನಮ್ಮ ಕೇರಿಗೆ ಬಂದರೆ ಯಾರನ್ನಾದರೂ ಎಳೆದುಕೊಂಡು ಹೋಗಲು ಬರುತ್ತಿದ್ದರು. ಬೇರೆ ಯಾವ ಕೆಲಸಕ್ಕೆ ಬಂದದ್ದನ್ನು ನಾವು ಕಂಡಿರಲಿಲ್ಲ.

"ಅಕ್ಕಾ, ಕೈಮ್ಯಾಲ ಹಚ್ಚಿನ ಇಲ್ಲ ನೋಡು ಆಕಿಗಿ," ಎಂದೆ. ನಮ್ಮ ಕಡೆ ಕೈಮೇಲೆ ಹಚ್ಚೆ ಇಲ್ಲದ ಹೆಂಗಸು ಎಲ್ಲಿದ್ದಾಳೆ? ತಾಂಡಾದವರಿಗೂ ಇರುತ್ತದೆ.

"ಇಲ್ಲದಿದ್ರ ಇಲ್ಲಬಿಡು. ಬಳಿ ಏರಸೂಣು."

"ಗಂಡ ಅದಾನೋ ಇಲ್ಲೋ ಏನ್ ಗೊತ್ತು? ಕುಂಕುಮ ಹೆಂಗ ಹಚ್ತಿ?"

"ರಂಡಿಮುಂಡಿ ಅಂತ ಕಳಸಲೇನು? ಈಟ ಆಗಿದ್ದ ಸಾಲದೇನು ಆಕಿಗಿ? ಹಚ್ಚತೀನಿ. ಮುತ್ತೈದಿ ಆಗೇ ಹೋಗ್ಲಿ."

ತನ್ನ ಕೈಯ ಹಸಿರು ಬಳೆ ಕಳಚಿ ಅವಳ ಕೈಗೆ ಏರಿಸಿದಳು. ಸೀರೆ ಉಡಿಸಿದಳು. ಹಣೆ ಇದ್ದ ಜಾಗದಲ್ಲಿ ಕುಂಕುಮ ಹಚ್ಚಿದಳು. ಉಡಿ ತುಂಬಿದಳು. ಆಮೇಲೆ ಗುರಣ್ಣ ಗೌಡನಿಗೆ ಹೇಳಲು ಹೋದ.

ಠಾಣೆಯಿಂದ ಫೌಜದಾರ, ಜಮಾದಾರ ಬಂದದ್ದು ಮರುದಿನ ಬಿಸಿಲು ಏರಿದ ಮೇಲೆ. ಅಷ್ಟು ಹೊತ್ತೂ ನಾವು ನಾಯಿ ಓಡಿಸುತ್ತ ಕೂತಿದ್ದೆವು. ಮೊದಲು ಗೌಡನ ಮನೆಯಲ್ಲಿ ಚಹಾ, ಭಜಿ ಆಯಿತು. ಆಮೇಲೆ ಹೊಲಕ್ಕೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಫೌಜದಾರ ದೂರದಿಂದಲೇ ಹೇಳುತ್ತಿದ್ದ, ಜಮಾದಾರ ಬರೆಯುತ್ತಿದ್ದ. ಹಿಂದೂ ಹೆಂಗಸು. ಲಗ್ನವಾದವಳು. ಹಸಿರು ಸೀರೆ. ಹಸಿರು ಬಳೆ. ಹಣೆಯಲ್ಲಿ ಕುಂಕುಮ.

ನಿಂಬೆವ್ವ ಎದ್ದು ನಿಂತಳು.

"ಸಾಹೇಬ್ರ, ಆ ಸೀರಿ ನಂದ್ರಿ. ಬಳಿನೂ ನಮ್ಮುವ. ಆಕಿ ಮೈಮ್ಯಾಲ ಏನೂ ಇದ್ದಿಲ್ರಿ."

ಫೌಜದಾರ ಅವಳ ಕಡೆ ನೋಡಲೂ ಇಲ್ಲ. ಗೌಡನ ಕಡೆ ನೋಡಿದ. ಗೌಡ ನಕ್ಕ.

"ಲೇ ಗುರ್ಯಾ, ನಿನ್ನ ಹೇಣ್ತಿಗಿ ಬಾಯಿ ಮುಚ್ಚಂತ ಹೇಳು. ದೊಡ್ಡವರು ಮಾತಾಡೂಮುಂದ ನಡಕ ಬರಾಕತ್ಯಾಳ."

ಗುರಣ್ಣ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಅವಳು ಮತ್ತೊಮ್ಮೆ ಬಾಯಿ ತೆರೆದಳು. ಜಮಾದಾರ ಲಾಠಿ ತೋರಿಸಿದ. ಕಬ್ಬಿನ ಗ್ಯಾಂಗು ಯಾವುದು, ಅದನ್ನು ಕರೆತಂದ ಮುಕಾದಮ ಯಾರು, ರಾತ್ರೋರಾತ್ರಿ ಯಾಕೆ ಹೋದ, ಯಾರೂ ಕೇಳಲಿಲ್ಲ. ಪಂಪಿನ ಕೋಣೆಗೆ ಬೀಗ ಹಾಕಿತ್ತು. ತೆಗೆಯಿರಿ ಅಂತ ಯಾರೂ ಹೇಳಲಿಲ್ಲ. ಮುಂದಿನ ವಾರ ಬೇರೆ ಊರಿನ ಆಳುಗಳು ಬಂದು ಅದಕ್ಕೆ ಒಳಗೂ ಹೊರಗೂ ಸುಣ್ಣ ಹೊಡೆದು ಹೋದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಇಡೀ ಊರು ನೋಡಿತು. ಊರಿಗೆ ಊರೇ ಕಣ್ಣು ಮುಚ್ಚಿಕೊಂಡಿತು.

ಫೌಜದಾರ ಬಂದ ದಿನವೇ ಬೇವಿನ ಗಿಡದ ಕೆಳಗೆ ಡಾಕ್ಟರು ಹೆಣ ಕೊಯ್ಯಿಸಿದರು. ಅದಕ್ಕೂ ಮೊದಲು ಸೀರೆ ಬಿಚ್ಚಿಕೊಂಡರು. ಬಳೆ ಒಡೆಯದಂತೆ ಕಳಚಿಕೊಂಡರು. ಪುರಾವೆ ಅಂತೆ. ಎಲ್ಲ ಗಂಟು ಕಟ್ಟಿ ಜೀಪಿನಲ್ಲಿ ಹಾಕಿಕೊಂಡು ಹೋದರು. ನಾವು ಉಡಿಸಿದ್ದನ್ನು ಅವರು ಬಿಚ್ಚಿದರು. ಆ ಹೆಂಗಸು ಮತ್ತೆ ಬೆತ್ತಲೆಯಾದಳು, ಈ ಸಲ ಊರ ಗಂಡಸರೆಲ್ಲರ ಮುಂದೆ. ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಬೆಂಕಿ ಇದೆ.

ಊರ ಸುಡುಗಾಡಿಗೆ ಗೌಡ ಬೇಡ ಎಂದ. "ಹಿಂದೂ ಅಂತ ಬರದ್ರೇನಾತು, ಯಾವ ಹಿಂದೂ ಅಂತ ಗೊತ್ತೇನು?" ಹೊಲಗೇರಿಯ ಮಸಣವೇ ಗತಿ. ಗುರಣ್ಣ, ನನ್ನ ಗಂಡ ಸೇರಿ ಕುಣಿ ತೋಡಿದರು. ಗೊಬ್ಬರದ ಚೀಲ ಬಿಚ್ಚಿ ಹೊಲಿದು ಸುತ್ತಿದೆವು. ಕೂಲಿಯ ಮಾತು ಯಾರೂ ಆಡಲಿಲ್ಲ, ಬಿಟ್ಟಿ ಚಾಕರಿ. ಮೂರು ದಿನ ಗುರಣ್ಣನಿಗೆ ಅನ್ನ ಸೇರಲಿಲ್ಲ.

ಯುಗಾದಿ ಆಗಿ ಬಿಸಿಲು ಬಲಿತ ಮೇಲೆ ಒಬ್ಬ ಮುದುಕಿ ನಮ್ಮ ಕೇರಿಗೆ ಬಂದಳು. ಕಪ್ಪು ಬುರ್ಖಾ ಮಾಸಿ ಕಂದಾಗಿತ್ತು. ಗೌಡನ ಮನೆ ಬಾಗಿಲಲ್ಲಿ ನೀರು ಕೇಳಿದಳಂತೆ. ಆಚೆ ಹೋಗು ಅಂದರಂತೆ. ನಮ್ಮ ಕಟ್ಟೆಯ ಮೇಲೆ ಕೂತು ಎರಡು ತಂಬಿಗೆ ನೀರು ಕುಡಿದಳು. ಹೆಸರು ಮದೀನಾಬಿ. ಜೇವರ್ಗಿ ತಾಲ್ಲೂಕಿನ ನೆಲೋಗಿಯವಳು. ಅಷ್ಟು ದೂರದಿಂದ ಬಸ್ಸು ಬದಲಿಸುತ್ತ ಬಂದಿದ್ದಳು.

"ಇಲ್ಲಿ ಕಬ್ಬಿನ ಗ್ಯಾಂಗ್ ಇತ್ತಂತಲ್ಲವ್ವಾ. ಅದ್ರಾಗ ನನ್ನ ಮಗಳು ಇದ್ಲು. ಮೆಹರಾಜ ಅಂತ. ನೀವೇನಾರ ನೋಡೀರೇನು?"

ಮಗಳನ್ನು ಅಫಜಲಪುರ ತಾಲ್ಲೂಕಿಗೆ, ಚೌಡಾಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದಳು. ಅಳಿಯ ಹೆಂಡತಿಯನ್ನು ಕರೆದುಕೊಂಡು ಕಬ್ಬು ಕಡಿಯಲು ಬಂದ. ತಿರುಗಿ ಹೋಗುವಾಗ ಒಬ್ಬನೇ ಹೋದ. ನಿಮ್ಮ ಮಗಳು ಸಿಟ್ಟು ಮಾಡಿ ತವರಿಗೆ ಹೋದಳು ಎಂದ. ತವರಿಗೆ ಬಂದಿಲ್ಲ ಎಂದರೆ, ಹಾಗಾದರೆ ಯಾರ ಹಿಂದೆ ಹೋದಳೋ ನೀವೇ ಹುಡುಕಿಕೊಳ್ಳಿ ಎಂದ. ಆ ತಾಲ್ಲೂಕಿನ ಠಾಣೆಯವರು ನಮ್ಮ ಸರಹದ್ದಿನಲ್ಲಿ ನಡೆದದ್ದಲ್ಲ ಎಂದರು. ಅವಳ ತಾಲ್ಲೂಕಿನವರೂ ಅದನ್ನೇ ಎಂದರು. ಕೊನೆಗೆ ನಮ್ಮ ಕಡೆಯ ಠಾಣೆಗೆ ಬಂದಿದ್ದಳು.

"ಇಲ್ಲಿ ಠಾಣ್ಯಾಗ ಒಂದು ಹೆಣದ ಸಾಮಾನ ತೋರ್ಸಿದ್ರು. ಹಸರ ಸೀರಿ, ಹಸರ ಬಳಿ. ನಿನ್ನ ಮಗಳುವೇನು ಅಂದ್ರು. ಅಲ್ರಿ ಅಂದೆ. ಕುಂಕುಮ ಹಚ್ಚಿದ್ಲು, ಹಿಂದೂ ಹೆಂಗಸು, ನೀ ಹೋಗು ಅಂದ್ರು." ಅವಳು ಎರಡೂ ಕೈ ಮೇಲೆತ್ತಿದಳು. "ಅಲ್ಲಾನ ಶುಕರ್. ನನ್ನ ಮೆಹರಾಜ ಅಲ್ಲ ಆಕಿ. ಎಲ್ಲ್ಯಾರ ಜೀವಂತ ಅದಾಳ."

ಬಿಸಿಲಲ್ಲಿ ಸುಟ್ಟ ಆ ಮುಖದಲ್ಲಿ ನಗು ಬಂತು. ನಾನು ನಿಂಬೆವ್ವನ ಕಡೆ ನೋಡಿದೆ. ಬೇಡ ಅಂತ ಕಣ್ಣಲ್ಲೇ ಅಂದೆ. ಬಿಟ್ಟುಬಿಡು ಅಕ್ಕಾ, ನಕ್ಕೊಂಡು ಹೋಗಲಿ. ನಮಗೇನು ಖಾತ್ರಿ ಇದೆ? ಅವಳು ನನ್ನ ಮಾತು ಯಾವಾಗ ಕೇಳಿದ್ದಾಳೆ!

"ಅಮ್ಮಾ," ಎಂದಳು. "ಆ ಸೀರಿ ನಂದ. ಬಳಿನೂ ನಂದ. ಕುಂಕುಮ ನಾನ ಹಚ್ಚೀನಿ. ಆಕಿ ಮೈಮ್ಯಾಲ ಏನೂ ಇದ್ದಿಲ್ಲ."

ಮದೀನಾಬಿಯ ಕೈಗಳು ಮೇಲೆಯೇ ನಿಂತವು.

"ನಿಮ್ಮ ಮಗಳಿಗಿ ಹಚ್ಚಿ ಇತ್ತೇನು ಕೈಮ್ಯಾಲ?"

"ನಮ್ಮಲ್ಲಿ ಹಾಕ್ಸಂಗಿಲ್ಲವ್ವಾ."

"ಆಕಿಗೂ ಇದ್ದಿಲ್ಲ. ಕಿವಿ ಅಂಚಿಗಿ ಸಾಲಾಗಿ ತೂತು ಇದ್ವು."

ಮುದುಕಿ ಬುರ್ಖಾ ಸರಿಸಿ ತನ್ನ ಕಿವಿ ಮುಟ್ಟಿಕೊಂಡಳು. ಅಂಚಿನುದ್ದಕ್ಕೂ ತೂತುಗಳು, ಒಂದರಲ್ಲೂ ಬಾಲಿ ಇರಲಿಲ್ಲ. "ಇವು ನಮ್ಮ ಹೆಣ್ಮಕ್ಕಳು ಎಲ್ಲಾರಿಗೂ ಇರ್ತಾವ," ಎಂದಳು. ಬುರ್ಖಾ ಎಳೆದುಕೊಂಡು ಮತ್ತೆ ಅದನ್ನೇ ಎಂದಳು. "ಎಲ್ಲಾರಿಗೂ ಇರ್ತಾವ." ನಿಂಬೆವ್ವ ಅವಳ ಕಾಲ ಹತ್ತಿರ ಕೂತು ಗೋಳೋ ಎಂದು ಅತ್ತಳು. ನಾನೇನು ಮಾಡಿಬಿಟ್ಟೆನವ್ವಾ ಅಂತ ತಲೆ ಬಡಿದುಕೊಂಡಳು. ಅವಳೇನು ಮಾಡಿದ್ದಳು? ಸತ್ತವಳ ಮಾನ ಮುಚ್ಚಿದ್ದಳು. ಕೊಂದವನಿಗೆ ಅದು ಉಪಕಾರವಾಯಿತು. ಎಂಥಾ ಊರಿದು! ಇಲ್ಲಿ ನಮ್ಮಂಥವರು ಒಳ್ಳೆಯದು ಮಾಡಿದರೂ ಅದು ಉಳ್ಳವರ ಮನೆಗೇ ಹೋಗಿ ಬೀಳುತ್ತದೆ.

ಮರುದಿನ ಮೂವರೂ ಠಾಣೆಗೆ ಹೋದೆವು. ಗೇಟಿನ ಹೊರಗೆ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಒಳಗೆ ಹೋದಾಗ ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಾಹೇಬ್ರ, ಆ ಸೀರಿ ನಂದ್ರಿ. ಅವತ್ತೂ ಹೇಳೀನಿ, ಇವತ್ತೂ ಹೇಳಾಕತ್ತೇನಿ. ಸೆರಗಿನ ತುದಿ ಒಲಿ ಕಿಡಿಗಿ ಸುಟ್ಟೈತಿ, ಬಿಚ್ಚಿ ನೋಡ್ರಿ. ಆ ಹೆಣ್ಮಗಳು ಹಿಂದೂ ಅಂತ ಬರದಿದ್ದು ತಪ್ಪೈತಿ. ಈ ಅಮ್ಮನ ಮಗಳು ಇರಬೇಕ್ರಿ ಆಕಿ. ಕುಣಿ ತಗಸ್ರಿ. ಆ ಗ್ಯಾಂಗಿನವ್ರನ್ನ ಹಿಡೀರಿ. ಗೌಡ್ರ ಪಂಪಿನ ಖೋಲಿ ನೋಡ್ರಿ."

ಜಮಾದಾರ ಕಪಾಟಿನಿಂದ ಗಂಟು ತೆಗೆದ. ಸೆರಗು ಬಿಚ್ಚಿದ. ಸುಟ್ಟ ತೂತು ನೋಡಿದ. ಮತ್ತೆ ಮಡಚಿ ಇಟ್ಟ.

ಫೌಜದಾರ ಕುರ್ಚಿಯಿಂದ ಏಳಲಿಲ್ಲ. "ಕೇಸ್ ಮುಗದು ಹೋಗೇದ. ಈಗ ಬಂದು ಸತ್ತಾಕಿ ತುರುಕರಾಕಿ ಅಂತೀಯೇನು? ಹಿಂದೂ ಗೌಡನ ಹೊಲದಾಗ? ಊರಿಗಿ ಬೆಂಕಿ ಹಚ್ಚಬೇಕಂತ ಮಾಡೀಯೇನು?"

"ನಾ ಯಾರಿಗೂ ಬೆಂಕಿ ಹಚ್ಚಾಕತ್ತಿಲ್ರಿ. ಖರೇ ಹೇಳಾಕತ್ತೇನಿ."

"ಖರೇ? ಹೆಣ ತೊಳದವಳು ನೀನು. ಗುರುತು ಅಳಿಸಿದವಳು ನೀನು. ಮೊದಲ ಕಂಡವ ನಿನ್ನ ಗಂಡ. ಹಂಗಿದ್ರ ಕೊಂದವರೂ ನೀವ ಅಂತ ಬರಕೋಲೇನು?"

ಮದೀನಾಬಿ ಮುಂದೆ ಬಂದು ಕೈ ಜೋಡಿಸಿದಳು. "ಸಾಬ್, ಇವ್ರಿಗಿ ಏನೂ ಮಾಡಬ್ಯಾಡ್ರಿ. ನನ್ನ ಮಗಳನ್ನ ಹುಡಕಿಕೊಡ್ರಿ, ಅಷ್ಟ ಸಾಕು." ಅವಳನ್ನು ಹೊರಗೆ ತಳ್ಳಿದರು.

ಜೀಪು ಹೋಗಿ ಗುರಣ್ಣನನ್ನು ಎತ್ತಿಕೊಂಡು ಬಂತು. ಪಕ್ಕದ ಕೋಣೆಗೆ ಹಾಕಿದರು. ಅಷ್ಟರಲ್ಲಿ ಜಮಾದಾರ ನಿಂಬೆವ್ವನ ಹೆಸರಿನಲ್ಲಿ ಒಂದು ಕಾಗದ ಬರೆದು ಓದಿ ಹೇಳಿದ. ಹೆಣ ಸಿಕ್ಕಾಗ ಅದರ ಮೈಮೇಲೆ ಸೀರೆ ಇತ್ತು, ಬಳೆ ಇತ್ತು, ನಾನು ಏನನ್ನೂ ಮುಟ್ಟಿಲ್ಲ, ಯಾರೋ ಹೇಳಿಕೊಟ್ಟದ್ದಕ್ಕೆ ಸುಳ್ಳು ಹೇಳಿದೆ. ಹೀಗೆ ಅಂತ.

"ಹೆಬ್ಬಟ್ಟು ಒತ್ತು. ಗಂಡನ್ನ ಕರಕೊಂಡು ಮನಿಗಿ ಹೋಗು," ಎಂದ ಫೌಜದಾರ.

"ನಾ ಒತ್ತಂಗಿಲ್ಲ."

ಗೋಡೆಯ ಆಚೆ ಲಾಠಿ ಬಿದ್ದ ಸಪ್ಪಳ ಕೇಳಿತು. ಅಂಗಾಲಿಗೆ ಹೊಡೆಯುತ್ತಿದ್ದರು. ಗುರಣ್ಣ ಮೊದಲು ತಡೆದುಕೊಂಡ. ಆಮೇಲೆ ಎಮ್ಮೆಯ ಹಾಗೆ ಒದರಿದ. "ಒತ್ತಬೇ ನಿಂಬೀ! ನಿನ್ನ ಕಾಲ ಬೀಳ್ತೀನಿ, ಒತ್ತು!"

ನಿಂಬೆವ್ವನ ತುಟಿ ಒಡೆದು ರಕ್ತ ಬಂತು, ತಾನೇ ಕಚ್ಚಿಕೊಂಡಿದ್ದಳು. "ಒತ್ತಂಗಿಲ್ಲ," ಎಂದಳು. ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಹಾಕಿಕೊಂಡಳು. "ಒಮ್ಮಿ ಆಕಿ ಗುರುತು ತಿಳೀಲಾರ್ದ ಅಳಿಸೀನಿ. ತಿಳಿದು ತಿಳಿದು ಅಳಸಂಗಿಲ್ಲ. ಬೇಕಾದ್ರ ನನಗ ಹೊಡೀರಿ."

ನಾನು ಏನು ಮಾಡಿದೆ? ನಿಂತಿದ್ದೆ. ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದೆ. ಅಕ್ಕಾ ಒತ್ತಿಬಿಡು ಅಂತ ನಾನೂ ಅಂದೆ. ಅವಳ ಗಂಡನೂ ಒತ್ತು ಅಂದ, ನಾನೂ ಒತ್ತು ಅಂದೆ. ಆ ಕೋಣೆಯಲ್ಲಿ ಅವಳ ಕಡೆಗೆ ಇದ್ದವರು ಯಾರೂ ಇರಲಿಲ್ಲ.

ಇಬ್ಬರು ಪೊಲೀಸರು ಬಂದರು. ಒಬ್ಬ ಅವಳ ಮಣಿಕಟ್ಟು ಹಿಡಿದು ಮೇಜಿನ ಮೇಲೆ ಒತ್ತಿದ. ಇನ್ನೊಬ್ಬ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹತ್ತಿ ಬಿಡಿಸಿದ ಕೈ ಅದು, ಹೆಣ ತೊಳೆದ ಕೈ, ಸುಲಭಕ್ಕೆ ಬಿಡಲಿಲ್ಲ. ಕಿರುಬೆರಳು ಲಟಕ್ ಎಂದಿತು. ಅವಳು ಕಿರುಚಿದಳು. ಹೆಬ್ಬೆರಳಿಗೆ ಮಸಿ ಬಳಿದು ಕಾಗದಕ್ಕೆ ಒತ್ತಿದರು. ಅವಳು ಎಳೆದಾಡಿದ್ದರಿಂದ ಗುರುತು ಸರಿಯಾಗಿ ಮೂಡಲಿಲ್ಲ, ಮಸಿ ಉದ್ದಕ್ಕೆ ಹರಡಿತು.

"ಸಾಕು," ಎಂದ ಫೌಜದಾರ. "ಹೋಗ್ರಿ."

ಗುರಣ್ಣನಿಗೆ ನೆಲಕ್ಕೆ ಕಾಲು ಊರಲು ಆಗುತ್ತಿರಲಿಲ್ಲ. ನಾನು ಒಂದು ಕಡೆ, ಮದೀನಾಬಿ ಒಂದು ಕಡೆ ಅವನ ತೋಳು ಹಿಡಿದು ಬಸ್ಸಿಗೆ ಹತ್ತಿಸಿದೆವು. ನಿಂಬೆವ್ವ ಮುರಿದ ಬೆರಳು ಹಿಡಿದುಕೊಂಡು ಹಿಂದೆ ಬಂದಳು. ಬಸ್ಸಿನವರು ನಮ್ಮನ್ನು ನೋಡಿ ಸರಿದು ಕೂತರು.

ಸಂಜೆ ಮದೀನಾಬಿ ಕುಣಿ ತೋರಿಸಿರಿ ಎಂದಳು. ಕರೆದುಕೊಂಡು ಹೋದೆವು. ನಮ್ಮ ಮಸಣವೆಂದರೆ ಹಳ್ಳದ ದಂಡೆ, ಜಾಲಿ ಗಿಡ, ಅಷ್ಟೇ. ಯಾವ ಕುಣಿಗೂ ಕಲ್ಲಿಲ್ಲ. ನಿಂಬೆವ್ವ ಜಾಗ ತೋರಿಸಿದಳು. ಮುದುಕಿ ಮಣ್ಣಿನ ಹತ್ತಿರ ಕೂತಳು, ಮುಟ್ಟಲಿಲ್ಲ.

"ತೆಲಿ ಯಾವ ಕಡಿಗಿ ಐತಿ?" ಎಂದು ಕೇಳಿದಳು.

ನಿಂಬೆವ್ವ ಕೈಮಾಡಿ ತೋರಿಸಿದಳು. ಅವರ ಪದ್ಧತಿಯಂತೆ ಇರಲಿಲ್ಲ ಅಂತ ಕಾಣುತ್ತದೆ. ಮುದುಕಿ ತಲೆ ಅಲ್ಲಾಡಿಸಿದಳು.

ನಮ್ಮಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹೆಸರು ಹಿಡಿದು, ನಂಟು ಹೇಳಿ, ನನ್ನ ತಂಗ್ಯಾ, ನನ್ನ ತಾಯವ್ವಾ ಅಂತ ಕರೆದು ಅಳುತ್ತಾರೆ. ಆ ಹೆಂಗಸನ್ನು ಹೂಳುವಾಗ ಯಾರೂ ಅಳಲಿಲ್ಲ. ಏನಂತ ಕರೆದು ಅಳಬೇಕು ಅಂತ ಗೊತ್ತಿರಲಿಲ್ಲ. ನಿಂಬೆವ್ವ ಅದನ್ನೇ ಹೇಳಿದಳು.

"ಅಮ್ಮಾ, ಇಕಿಗಿ ಯಾರೂ ಅತ್ತಿಲ್ಲ. ನೀವ ಅಳ್ರಿ. ನಿಮ್ಮ ಮಗಳಾಗಿರ್ಲಿ, ಯಾರ ಮಗಳ ಆಗಿರ್ಲಿ. ಹೆಸರು ಹಿಡದು ಒಮ್ಮಿ ಅತ್ತುಬಿಡ್ರಿ. ನಾವೂ ದನಿಗೂಡಸ್ತೀವಿ."

ಮದೀನಾಬಿಯ ಬಾಯಿ ತೆರೆಯಿತು. "ಮೆ..." ಅನ್ನುವಷ್ಟು ದನಿ ಬಂತು. ಅವಳು ಬುರ್ಖಾದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಅದನ್ನು ತೆಗೆದಳು. ಕಣ್ಣು ಒಣಗಿದ್ದವು.

"ಬ್ಯಾಡವ್ವಾ," ಎಂದಳು. "ನಾ ಅತ್ತುಬಿಟ್ರ, ಅವರು ಹುಡುಕೂದು ಬಿಟ್ಟುಬಿಡ್ತಾರ."

ಯಾರು ಹುಡುಕುತ್ತಿದ್ದಾರೆ ಎಂದು ಕೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.